ಪರದೇಶದ ಪೇಟೆ, ಊರಿನ ಪ್ಲಗ್ಗು



ಈಚೆಗೆ ನಮಗೆ ಬರುವ ಪತ್ರಗಳಲ್ಲಿ ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಮಗ ಓದಲಿಕ್ಕೆ ಅಮೆರಿಕೆಗೆ ಹೊರಟಿದ್ದಾನೆ, ಮಿಕ್ಸಿ ಕಟ್ಟಿ ಕೊಡಬಹುದೇ? ಅಳಿಯಂದಿರು ದುಬೈಯಿಂದ ಬರುವವರಿದ್ದಾರೆ, ಟಿ.ವಿ. ತರಲು ಹೇಳೋಣವೇ? ಮಗಳು ಅಲ್ಲಿಂದ ಕಳಿಸಿದ ಯಂತ್ರವನ್ನು ಇಲ್ಲಿ ಹಚ್ಚಿದರೆ ಸುಟ್ಟು ಹೋಗುತ್ತದೆಯೇ? ಹಿಂದೆ ಊರಿಗೊಬ್ಬರು ಪರದೇಶಕ್ಕೆ ಹೋಗುತ್ತಿದ್ದರು. ಈಗ ಓಣಿಗೊಬ್ಬರು ಹೋಗುತ್ತಾರೆ. ಆದ್ದರಿಂದ ಈ ತಿಂಗಳು ಇದನ್ನೇ ಬರೆಯೋಣ ಎಂದುಕೊಂಡೆವು.

ನಾವು ದಂಪತಿ 1998ರಿಂದ 2010ರವರೆಗೆ ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಸಂಸಾರ ಮಾಡಿದವರು. ಅಲ್ಲಿಯ ಪೇಟೆಯಲ್ಲಿ ಕಲಿತದ್ದನ್ನು ಬಹುಪಾಲು ತಪ್ಪು ಮಾಡಿಯೇ ಕಲಿತೆವು. ಎಲ್ಲಕ್ಕಿಂತ ದೊಡ್ಡ ತಪ್ಪನ್ನು ಮೊದಲು ಹೇಳಿಬಿಡುತ್ತೇವೆ.

ಕಾಕಾ ಅವರ ರೇಡಿಯೋ

ನಮ್ಮ ಮನೆ ಅಕ್ಕಲಕೋಟೆಯದು. ಕೂಡು ಕುಟುಂಬವಾದ್ದರಿಂದ ಮನೆಯ ಯಜಮಾನರನ್ನು ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರೂ ‘ಕಾಕಾ’ ಎಂದೇ ಕರೆಯುತ್ತಿದ್ದೆವು. ಐವತ್ತು ವರ್ಷ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತವರು. ಬೆಳಗಿನ ಸ್ನಾನ, ಬಸದಿ ಮುಗಿಸಿ ಬಂದ ಮೇಲೆ ಅವರಿಗೆ ಧಾರವಾಡ ಆಕಾಶವಾಣಿ ಬೇಕು. ಮಹಾರಾಷ್ಟ್ರದಲ್ಲಿದ್ದರೂ ಕಿವಿ ಮಾತ್ರ ಧಾರವಾಡದ ಕಡೆಗೆ. ಸುದ್ದಿ, ಪೇಟೆ ಧಾರಣೆ, ಒಂದೆರಡು ಭಾವಗೀತೆ, ಇಷ್ಟು ಕೇಳಿಯೇ ಅಂಗಡಿಯ ಬಾಗಿಲು ತೆಗೆಯುವರು. ಅವರ ಹಳೆಯ ಟ್ರಾನ್ಸಿಸ್ಟರಿನ ಹಿಡಿಕೆ ಮುರಿದು, ಸುತ್ತಲೂ ರಬ್ಬರ್ ಬ್ಯಾಂಡು ಹಾಕಿದ್ದರು.

1999ರ ನವೆಂಬರಿನಲ್ಲಿ ನಾವು ಅವರಿಗೊಂದು ಹೊಸ ರೇಡಿಯೋ ಕೊಂಡೆವು. ಕೆಂಪು ಅಂಕೆಗಳ ಗಡಿಯಾರ, ಗುಂಡಿ ಒತ್ತಿದರೆ ತಾನೇ ಸ್ಟೇಷನ್ ಹುಡುಕುವ ಸೊಗಸು. ಅಲ್ಲಿಯ ಕರೆಂಟು ಬೇರೆ ಎಂಬುದು ನಮಗೆ ಗೊತ್ತಿತ್ತು. ಆದ್ದರಿಂದ ಭಾರತೀಯರ ಅಂಗಡಿಗಳ ಸಾಲಿರುವ ಓಕ್ ಟ್ರೀ ರಸ್ತೆಗೆ ಹೋಗಿ, 220 ವೋಲ್ಟನ್ನು 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರನ್ನೂ ತಂದೆವು. ಊರಿಗೆ ಹೊರಟ ಪರಿಚಯದವರ ಕೈಯಲ್ಲಿ ಎರಡನ್ನೂ ಕಳಿಸಿಕೊಟ್ಟು, ನಾವು ಬಹಳ ಜಾಣರೆಂದುಕೊಂಡೆವು.

ಆಗ ಭಾನುವಾರಕ್ಕೊಮ್ಮೆ ಫೋನ್ ಕಾರ್ಡು ಹಾಕಿ ಊರಿಗೆ ಮಾತಾಡುತ್ತಿದ್ದೆವು. “ಕಾಕಾ, ರೇಡಿಯೋ ಹೆಂಗದ್ರಿ?” ಎಂದು ಕೇಳಿದಾಗಲೆಲ್ಲ ಅವರದು ಒಂದೇ ಉತ್ತರ: “ಭಾಳ ಛಲೋ ಅದ. ನೀವು ಕಾಳಜಿ ಮಾಡಬ್ಯಾಡ್ರಿ.”

ಎರಡು ವರ್ಷದ ಮೇಲೆ ಊರಿಗೆ ಬಂದೆವು. ರೇಡಿಯೋ ಪಡಸಾಲೆಯ ಗಾಜಿನ ಕಪಾಟಿನಲ್ಲಿತ್ತು, ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು. ಕಾಕಾ ಅವರ ತಲೆದಿಂಬಿನ ಹತ್ತಿರ ಅದೇ ರಬ್ಬರ್ ಬ್ಯಾಂಡಿನ ಟ್ರಾನ್ಸಿಸ್ಟರು. ಕೇಳಿದರೆ, “ಧೂಳು ಕೂಡತದಲ್ಲ, ಅದಕ್ಕ ಒಳಗ ಇಟ್ಟೀನಿ” ಎಂದು ಮಾತು ಹಾರಿಸಿದರು. ಅಡುಗೆಮನೆಯಲ್ಲಿ ಅವ್ವ ನಿಜ ಹೇಳಿದರು: “ಅದು ಧಾರವಾಡ ಹಿಡಿಯಂಗಿಲ್ಲ. ಗಡಿಯಾರ ತಾಸಿಗೆ ಹತ್ತು ಮಿನಿಟ ಹಿಂದ ಬೀಳತದ. ಒಂದು ತಿಂಗಳ ದಿನಾ ಎದ್ದು ಸರಿ ಮಾಡಿ ಸಾಕಾಗಿ ಬಿಟ್ಟರು. ಮಕ್ಕಳು ರೊಕ್ಕ ಹಾಕಿ ಕಳಿಸ್ಯಾರ, ಅವರಿಗೆ ಹೇಳಬ್ಯಾಡ ಅಂದ್ರು.”

ಕಾರಣ ನಮಗೆ ಆಮೇಲೆ ತಿಳಿಯಿತು. ಅಮೆರಿಕದ ಕರೆಂಟು ಸೆಕೆಂಡಿಗೆ 60 ಸಲ ಏರಿಳಿಯುತ್ತದೆ, ನಮ್ಮದು 50 ಸಲ. ಟ್ರಾನ್ಸ್‌ಫಾರ್ಮರು ವೋಲ್ಟನ್ನು ಇಳಿಸುತ್ತದೆಯೇ ಹೊರತು ಈ ಎಣಿಕೆಯನ್ನು ಬದಲಿಸುವುದಿಲ್ಲ. ಆ ಗಡಿಯಾರ ಈ ಏರಿಳಿತವನ್ನೇ ಎಣಿಸಿ ಹೊತ್ತು ತೋರಿಸುವಂಥದ್ದು. 60 ಎಣಿಸಬೇಕಾದಲ್ಲಿ 50 ಸಿಕ್ಕರೆ ಗಂಟೆಗೆ 10 ನಿಮಿಷ, ದಿನಕ್ಕೆ 4 ಗಂಟೆ ಹಿಂದೆ ಬೀಳಲೇಬೇಕು. ಇನ್ನು ಸ್ಟೇಷನ್ನಿನ ಮಾತು. ಅಮೆರಿಕದಲ್ಲಿ ಮೀಡಿಯಂ ವೇವ್ ಸ್ಟೇಷನ್ನುಗಳು 10 ಕಿಲೋಹರ್ಟ್ಸ್ ಅಂತರದಲ್ಲಿವೆ, ನಮ್ಮಲ್ಲಿ 9ರ ಅಂತರದಲ್ಲಿ. ಧಾರವಾಡ 765ರಲ್ಲಿತ್ತು. ಗುಂಡಿ ಒತ್ತಿದರೆ ಆ ರೇಡಿಯೋ 760ಕ್ಕೆ ನಿಲ್ಲುವುದು, ಇಲ್ಲವೆ 770ಕ್ಕೆ ಹಾರುವುದು. 765 ಅದರ ಪಾಲಿಗೆ ಇರಲೇ ಇಲ್ಲ. ಕೈಯಿಂದ ಮುಳ್ಳು ತಿರುಗಿಸುವ ಅಗ್ಗದ ರೇಡಿಯೋಕ್ಕೆ ಈ ತೊಡಕೇ ಇಲ್ಲ.

ವಸ್ತು ಕೆಟ್ಟದ್ದಾಗಿರಲಿಲ್ಲ. ಅಂಗಡಿಯವನು ಮೋಸ ಮಾಡಿರಲಿಲ್ಲ. ನ್ಯೂಜೆರ್ಸಿಯ ಮನೆಯಲ್ಲಿ ಅದು ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಅದು ಬಾಳಬೇಕಾದದ್ದು ಅಕ್ಕಲಕೋಟೆಯಲ್ಲಿ. ನಮ್ಮ ಕಾಕಾ ಅಂಗಡಿಯಲ್ಲಿ ಥಾನು ಬಿಚ್ಚುವ ಮೊದಲು ಗಿರಾಕಿಗೆ ಎರಡು ಮಾತು ಕೇಳುತ್ತಿದ್ದರು: “ಯಾರಿಗೆ ಬೇಕು? ಎಲ್ಲಿ ಉಡವ್ರು?” ಹೊಲಕ್ಕೆ ಹೋಗುವವಳಿಗೆ ರೇಷ್ಮೆ ತೋರಿಸುತ್ತಿರಲಿಲ್ಲ. ಅವರ ಮಕ್ಕಳಾದ ನಾವು ಆ ಎರಡು ಮಾತನ್ನು ಕೇಳದೆ ಖರೀದಿ ಮಾಡಿದ್ದೆವು. ಈ ಲೇಖನದಲ್ಲಿ ಮುಂದೆ ಹೇಳುವುದೆಲ್ಲ ಆ ಎರಡು ಪ್ರಶ್ನೆಗಳ ವಿಸ್ತಾರವೆಂದೇ ತಿಳಿಯಿರಿ.

ಬೆನ್ನ ಹಿಂದಿನ ಚೀಟಿ

ಯಾವುದೇ ವಿದ್ಯುತ್ ಸಾಮಾನಿನ ಬೆನ್ನ ಮೇಲೆ, ಇಲ್ಲವೆ ಚಾರ್ಜರಿನ ಮೈಮೇಲೆ ಸಣ್ಣ ಅಕ್ಷರದ ಒಂದು ಚೀಟಿ ಇರುತ್ತದೆ. ಮುಂದಿನ ಬೆಲೆಚೀಟಿಗಿಂತ ಮೊದಲು ಅದನ್ನು ಓದಬೇಕು. ‘ಇನ್‌ಪುಟ್ 100–240 ವೋಲ್ಟ್, 50/60 ಹರ್ಟ್ಸ್’ ಎಂದಿದ್ದರೆ ಆ ವಸ್ತು ಎಲ್ಲ ದೇಶಗಳ ಕರೆಂಟಿಗೂ ಒಗ್ಗುತ್ತದೆ. ಪಿನ್ನು ಬದಲಿಸುವ ಅಡಾಪ್ಟರ್ ಒಂದಿದ್ದರೆ ಸಾಕು. ಲ್ಯಾಪ್‌ಟಾಪ್, ಮೊಬೈಲ್, ಕ್ಯಾಮರಾಗಳ ಚಾರ್ಜರುಗಳು ಬಹುತೇಕ ಹೀಗೆಯೇ ಇರುತ್ತವೆ. ‘120 ವೋಲ್ಟ್, 60 ಹರ್ಟ್ಸ್’ ಎಂದಷ್ಟೇ ಇದ್ದರೆ ಅದು ಅಮೆರಿಕದ ಕೂಸು. ನಮ್ಮ ಊರಿನ 230 ವೋಲ್ಟಿಗೆ ನೇರವಾಗಿ ಹಚ್ಚಿದರೆ ಹೊಗೆ ಬರುವುದು ಖಂಡಿತ.

ಇಲ್ಲಿ ಬಹಳ ಮಂದಿ ಎಡವುವುದು ಅಡಾಪ್ಟರಿನ ವಿಷಯದಲ್ಲಿ. ವಿಮಾನ ನಿಲ್ದಾಣದಲ್ಲಿ ಸಿಗುವ ‘ಎಲ್ಲ ದೇಶಗಳ ಅಡಾಪ್ಟರ್’ ಪಿನ್ನಿನ ಆಕಾರವನ್ನು ಮಾತ್ರ ಬದಲಿಸುತ್ತದೆ, ಕರೆಂಟನ್ನಲ್ಲ. ಪಿನ್ನು ಕೂತಿತೆಂದರೆ ಸಾಮಾನು ನಡೆದೀತು ಎಂದುಕೊಳ್ಳಬಾರದು.

ದೇಶ ದೇಶಕ್ಕೂ ಲೆಕ್ಕ ಬೇರೆ. ದುಬೈ, ಇಂಗ್ಲೆಂಡ್, ಸಿಂಗಪುರಗಳಲ್ಲಿ ಕರೆಂಟು ನಮ್ಮಂತೆಯೇ, 230 ವೋಲ್ಟ್, 50 ಹರ್ಟ್ಸ್. ಪಿನ್ನು ಮಾತ್ರ ಚೌಕಾಕಾರದ ಮೂರು ಕಾಲಿನದು, ಅದರೊಳಗೇ ಫ್ಯೂಸು. ಆದ್ದರಿಂದ ಕಾಸರಗೋಡಿನ ಕಡೆಯ ನಮ್ಮ ಓದುಗರ ಮನೆಗಳಿಗೆ ಗಲ್ಫಿನಿಂದ ಬಂದ ಇಸ್ತ್ರಿಪೆಟ್ಟಿಗೆ, ಟೇಪ್ ರೆಕಾರ್ಡರುಗಳು ತಕರಾರಿಲ್ಲದೆ ನಡೆದವು. ಸೌದಿ ಅರೇಬಿಯಾ ಮಾತ್ರ 60 ಹರ್ಟ್ಸಿನ ದೇಶ, ಅಲ್ಲಿಯ ಸಾಮಾನು ತರುವಾಗ ಚೀಟಿ ನೋಡಲೇಬೇಕು. ಜಪಾನಿನದು ಇನ್ನೂ ವಿಚಿತ್ರ. ವೋಲ್ಟ್ 100 ಮಾತ್ರ. ಟೋಕಿಯೋ ಇರುವ ಪೂರ್ವ ಭಾಗಕ್ಕೆ 50 ಹರ್ಟ್ಸ್, ಒಸಾಕಾ ಇರುವ ಪಶ್ಚಿಮ ಭಾಗಕ್ಕೆ 60.

ಇಲ್ಲಿಂದ ಅಲ್ಲಿಗೆ ಒಯ್ಯುವುದು

ತಾಯಂದಿರು ಕೇಳುವ ಪ್ರಶ್ನೆ ಇದೇ. ಅಮೆರಿಕೆಗೆ ಇಲ್ಲಿಯ ಮಿಕ್ಸಿ ಒಯ್ಯಬೇಡಿ. 230 ವೋಲ್ಟಿನ ಮೋಟಾರು 120ರಲ್ಲಿ ನರಳುತ್ತದೆ, ಸರಿಯಾಗಿ ತಿರುಗುವುದಿಲ್ಲ. ವೋಲ್ಟ್ ಏರಿಸುವ ಟ್ರಾನ್ಸ್‌ಫಾರ್ಮರ್ ಇಡಬಹುದು. ಆದರೆ 750 ವಾಟಿನ ಮಿಕ್ಸಿಗೆ ಅದರ ಎರಡು ಪಟ್ಟು ತಡೆಯುವಂಥದ್ದು ಬೇಕು. ಅದು ಕಲ್ಲಿನ ಗುಂಡಿನಷ್ಟು ಭಾರ, ಹಣವೂ ದಂಡ. ನಮ್ಮ ದೇಶದ ಕಂಪನಿಗಳೇ ಅಲ್ಲಿಗೆಂದು ಮಾಡಿದ 110 ವೋಲ್ಟಿನ ಮಿಕ್ಸಿಗಳು ಅಲ್ಲಿಯ ಭಾರತೀಯರ ಅಂಗಡಿಗಳಲ್ಲಿ ದೊರೆಯುತ್ತವೆ. ಚಟ್ನಿಪುಡಿಗೂ ದೋಸೆ ಹಿಟ್ಟಿಗೂ ಅವು ಸಾಕು.

ನೀರು ಕಾಯಿಸುವ ಕೆಟ್ಲಿಯನ್ನೂ ಇಲ್ಲಿಂದ ಒಯ್ಯಬೇಡಿ. ಕಾಯಿಸಿದ ನೀರನ್ನೇ ಕುಡಿಯುವ ನಮ್ಮ ಮನೆಗಳಲ್ಲಿ ಇದು ದಿನದ ಸಾಮಾನು, ಆದ್ದರಿಂದ ಹೇಳುತ್ತಿದ್ದೇವೆ. ವೋಲ್ಟ್ ಅರ್ಧವಾದರೆ ಕಾವು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. 1,500 ವಾಟಿನ ಕೆಟ್ಲಿ ಅಲ್ಲಿ ಸುಮಾರು 400 ವಾಟಿನದಾಗುತ್ತದೆ. ಬೆಳಿಗ್ಗೆ ಇಟ್ಟ ನೀರು ಕುದಿಯುವ ಹೊತ್ತಿಗೆ ಹುಡುಗನ ಬಸ್ಸು ಹೋಗಿರುತ್ತದೆ. ಅಲ್ಲಿಯೇ ಒಂದು ಕೊಳ್ಳಲಿ.

ಕುಕ್ಕರಿಗೆ ಕರೆಂಟಿನ ಹಂಗಿಲ್ಲ, ಧಾರಾಳವಾಗಿ ಒಯ್ಯಬಹುದು. ಆದರೆ ಬಾಡಿಗೆ ಮನೆಯಲ್ಲಿ ಇಂಡಕ್ಷನ್ ಒಲೆ ಇದ್ದರೆ ಬರಿಯ ಅಲ್ಯೂಮಿನಿಯಮ್ ಕುಕ್ಕರು ಅದರ ಮೇಲೆ ಬಿಸಿಯಾಗುವುದಿಲ್ಲ. ತಳಕ್ಕೆ ಅಯಸ್ಕಾಂತ ಅಂಟುತ್ತದೆಯೋ ನೋಡಿ ಕೊಳ್ಳಬೇಕು.

ಬೆಲೆಚೀಟಿಯ ಹಿಂದಿನ ಬೆಲೆ

ನಮ್ಮಲ್ಲಿ ಪೆಟ್ಟಿಗೆಯ ಮೇಲೆ ಅಚ್ಚಾದ ಗರಿಷ್ಠ ಬೆಲೆಯಲ್ಲಿ ಎಲ್ಲ ತೆರಿಗೆ ಸೇರಿರುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಚೀಟಿಯ ಮೇಲೆ ಒಂದು ಅಂಕೆ, ಗಲ್ಲಾದ ಹತ್ತಿರ ಇನ್ನೊಂದು ಅಂಕೆ. ನಾವು ಹೋದ ಹೊಸತರಲ್ಲಿ ನ್ಯೂಜೆರ್ಸಿಯ ಮಾರಾಟ ತೆರಿಗೆ ಶೇ. 6 ಇತ್ತು. 2018ರಿಂದ ಅದು ಶೇ. 6.625 ಆಗಿದೆ. 200 ಡಾಲರಿನ ವಸ್ತುವಿಗೆ 213 ಡಾಲರ್ ಮೇಲೆ ಚಿಲ್ಲರೆ ತೆರಬೇಕು. ಮೊದಲ ತಿಂಗಳು ಎಣಿಸಿ ಒಯ್ದ ನೋಟು ಸಾಲದೆ, ಸಾಲಿನಲ್ಲಿ ಹಿಂದೆ ನಿಂತವರ ಮುಂದೆ ನಾವು ತಲೆ ತಗ್ಗಿಸಿದ್ದುಂಟು.

ಪಕ್ಕದ ಡೆಲವೇರ್ ರಾಜ್ಯದಲ್ಲಿ ಮಾರಾಟ ತೆರಿಗೆಯೇ ಇಲ್ಲ. ದೊಡ್ಡ ಸಾಮಾನು ಕೊಳ್ಳಲು ಜನ ಗಾಡಿ ಹೊಡೆದುಕೊಂಡು ಅಲ್ಲಿಗೆ ಹೋಗುತ್ತಾರೆ. ನಾವೂ ಒಮ್ಮೆ ಹೋದೆವು. ಪೆಟ್ರೋಲು, ಸೇತುವೆಯ ಟೋಲು, ಮಧ್ಯಾಹ್ನದ ಊಟ ಎಲ್ಲ ಕೂಡಿಸಿದರೆ ಉಳಿದದ್ದು ಅಷ್ಟಕ್ಕಷ್ಟೆ. ಮೇಲಾಗಿ, ಹೊರಗೆ ತೆರಿಗೆ ಇಲ್ಲದೆ ಕೊಂಡು ಮನೆಯಲ್ಲಿ ಬಳಸುವ ಸಾಮಾನಿಗೆ ತೆರಿಗೆಯನ್ನು ತಾವಾಗಿಯೇ ಲೆಕ್ಕ ಕೊಟ್ಟು ಕಟ್ಟಬೇಕೆಂದು ನ್ಯೂಜೆರ್ಸಿಯ ಕಾನೂನು ಹೇಳುತ್ತದೆ. ಯಾರೂ ಕೇಳುವುದಿಲ್ಲ ಎಂಬ ಮಾತು ಬೇರೆ. ವ್ಯಾಪಾರಸ್ಥರ ಮನೆಯವರಿಗೆ ಎರಡು ಖಾತೆಯ ಪುಸ್ತಕದ ಬಗ್ಗೆ ನಾವು ಹೆಚ್ಚು ಹೇಳಬೇಕಾಗಿಲ್ಲ.

ದುಬೈಯಲ್ಲಿ ಬಹುಕಾಲ ತೆರಿಗೆಯೇ ಇರಲಿಲ್ಲ. 2018ರ ಜನವರಿ 1ರಿಂದ ಶೇ. 5 ವ್ಯಾಟ್ ಬಂತು. ಪ್ರವಾಸಿಗಳು ಬಿಲ್ಲು ತೋರಿಸಿ ವಿಮಾನ ನಿಲ್ದಾಣದಲ್ಲಿ ಅದನ್ನು ಮರಳಿ ಪಡೆಯುವ ಏರ್ಪಾಡು ಅದೇ ವರ್ಷದ ನವೆಂಬರಿನಲ್ಲಿ ಶುರುವಾಯಿತು. ಅಲ್ಲಿಯೇ ವಾಸವಿರುವವರಿಗೆ ಇದು ಅನ್ವಯಿಸುವುದಿಲ್ಲ. ಇಂಗ್ಲೆಂಡಿನಲ್ಲಿಯೂ ಪ್ರವಾಸಿಗಳಿಗೆ ಇಂಥ ಸೌಲಭ್ಯವಿತ್ತು. 2020ರ ಕೊನೆಗೆ ಅದು ನಿಂತಿತು. ಹಿಂದೆ ಹೋಗಿ ಬಂದವರ ಮಾತು ನಂಬಿ ಅಲ್ಲಿ ಶೇ. 20ರ ವ್ಯಾಟ್ ಮರಳಿ ಬರುತ್ತದೆಂದು ಲೆಕ್ಕ ಹಾಕಬೇಡಿ.

ಇನ್ನು ಅಮೆರಿಕದ ‘ಕಪ್ಪು ಶುಕ್ರವಾರ’. ನವೆಂಬರಿನ ನಾಲ್ಕನೆಯ ಗುರುವಾರ ಅವರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಮರುದಿನ ಪೇಟೆಯಲ್ಲಿ ದೊಡ್ಡ ರಿಯಾಯಿತಿ. ನಸುಕಿನಲ್ಲಿ ಚಳಿಯಲ್ಲಿ ನಿಂತು ನಾವೂ ಕೊಂಡಿದ್ದೇವೆ. ಆಗ ‘ಮೇಲ್-ಇನ್ ರಿಬೇಟ್’ ಎಂಬ ಪದ್ಧತಿ ಜೋರಾಗಿತ್ತು. 100 ಡಾಲರ್ ಕೊಟ್ಟು ಸಾಮಾನು ಕೊಳ್ಳುವುದು. ಪೆಟ್ಟಿಗೆಯ ಮೇಲಿನ ಗೆರೆಗಳ ಚೀಟಿ ಕತ್ತರಿಸಿ, ಬಿಲ್ಲಿನ ಪ್ರತಿ ಲಗತ್ತಿಸಿ, ಗೊತ್ತಾದ ದಿನದೊಳಗೆ ಅಂಚೆಗೆ ಹಾಕಿದರೆ ಎರಡು ತಿಂಗಳ ಮೇಲೆ 40 ಡಾಲರಿನ ಚೆಕ್ಕು ಮನೆಗೆ ಬರುವುದು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಇರುತ್ತಿದ್ದುದು 60 ಡಾಲರ್. ನಾವು ಒಮ್ಮೆ ನಾಲ್ಕು ದಿನ ತಡಮಾಡಿ ಹಾಕಿ 40 ಡಾಲರ್ ಕಳೆದುಕೊಂಡೆವು. ಚೀಟಿ ಕತ್ತರಿಸಿದ ಪೆಟ್ಟಿಗೆಯನ್ನು ಅಂಗಡಿ ಮರಳಿ ತೆಗೆದುಕೊಳ್ಳಲೂ ಇಲ್ಲ. ಗಿರಾಕಿಯ ಮರೆವೂ ಆ ವ್ಯಾಪಾರದ ಲೆಕ್ಕದೊಳಗೆ ಸೇರಿತ್ತು ಎಂಬುದು ಗಾದಿಯ ಮೇಲೆ ಬೆಳೆದ ನಮಗೆ ತಡವಾಗಿ ಹೊಳೆಯಿತು.

ಬಿಲ್ಲು, ಗ್ಯಾರಂಟಿ, ಮರಳಿಸುವ ದಿನ

ಅಲ್ಲಿಯ ದೊಡ್ಡ ಅಂಗಡಿಗಳ ಒಂದು ಗುಣವನ್ನು ಮೆಚ್ಚಲೇಬೇಕು. ಬಿಲ್ಲು ಇದ್ದು, ಗೊತ್ತಾದ ದಿನದೊಳಗೆ ತಂದರೆ ಹೆಚ್ಚು ಮಾತಿಲ್ಲದೆ ಹಣ ಮರಳಿ ಕೊಡುತ್ತಾರೆ. ಆದರೆ ಈ ದಿನಗಳ ಎಣಿಕೆ ಅಂಗಡಿಗೊಂದು, ಸಾಮಾನಿಗೊಂದು. ಪೆಟ್ಟಿಗೆ ಒಡೆದಿದ್ದರೆ ಸ್ವಲ್ಪ ಹಣ ಮುರಿದುಕೊಳ್ಳುವವರೂ ಉಂಟು. ಊರಿಗೆ ಒಯ್ಯುವ ಸಾಮಾನನ್ನು ಮೂರು ತಿಂಗಳ ಮೊದಲೇ ಕೊಂಡು ಕಟ್ಟಿಡುವುದು ನಮ್ಮವರ ರೂಢಿ. ಊರಿನಲ್ಲಿ ಬಿಚ್ಚಿದಾಗ ಕೆಟ್ಟಿದೆಯೆಂದು ಗೊತ್ತಾದರೆ ಆ ದಿನಗಳು ಎಂದೋ ಮುಗಿದಿರುತ್ತವೆ. ಕೊಂಡ ದಿನವೇ ಮನೆಯಲ್ಲಿ ಹಚ್ಚಿ ನೋಡಿ, ಆಮೇಲೆ ಕಟ್ಟಿಡಿ.

ಗ್ಯಾರಂಟಿಯ ಮಾತು ಇನ್ನೂ ಸೂಕ್ಷ್ಮ. ಎಷ್ಟೋ ಕಂಪನಿಗಳ ಗ್ಯಾರಂಟಿ ಕೊಂಡ ದೇಶದೊಳಗೆ ಮಾತ್ರ ನಡೆಯುತ್ತದೆ. ಹೆಸರು ಒಂದೇ ಆದರೂ ಸೋಲಾಪುರದ ಸರ್ವಿಸ್ ಸೆಂಟರಿನವರು ಅಮೆರಿಕದ ಮಾದರಿಯ ಬಿಡಿಭಾಗ ತಮ್ಮಲ್ಲಿಲ್ಲವೆಂದು ಕೈಯಾಡಿಸುತ್ತಾರೆ. ಕೆಲವು ಲ್ಯಾಪ್‌ಟಾಪುಗಳಿಗೆ ಎಲ್ಲ ದೇಶಗಳಲ್ಲಿ ನಡೆಯುವ ಗ್ಯಾರಂಟಿ ಇರುತ್ತದೆ. ಅದನ್ನು ಬಾಯಿಮಾತಿನಲ್ಲಿ ಅಲ್ಲ, ಬರೆಹದಲ್ಲಿ ನೋಡಿಕೊಳ್ಳಬೇಕು.

ಗಲ್ಲಾದ ಹತ್ತಿರ ಹುಡುಗ “ಇನ್ನಷ್ಟು ಡಾಲರ್ ಕೊಟ್ಟರೆ ಮೂರು ವರ್ಷದ ಹೆಚ್ಚಿನ ಗ್ಯಾರಂಟಿ” ಎಂದು ಒತ್ತಾಯ ಮಾಡುತ್ತಾನೆ. ಅದು ಅಂಗಡಿಗೆ ಒಳ್ಳೆಯ ಲಾಭದ ಬಾಬತ್ತು. ಊರಿಗೆ ಒಯ್ಯುವ ಸಾಮಾನಿಗಂತೂ ಅದರಿಂದ ಕಿಲುಬು ಕಾಸಿನ ಉಪಯೋಗವಿಲ್ಲ.

ನ್ಯೂಯಾರ್ಕಿನ ಪ್ರವಾಸಿಗಳ ಬೀದಿಯಲ್ಲಿ ಒಂದು ಸಣ್ಣ ಅಂಗಡಿಯಲ್ಲಿ ಕ್ಯಾಮರಾ ಕೊಂಡ ಕಥೆಯೂ ನಮ್ಮಲ್ಲಿದೆ. ಬೆಲೆ ಎಲ್ಲೆಡೆಗಿಂತ ಅಗ್ಗ. ಮನೆಗೆ ಬಂದು ಬಿಚ್ಚಿದರೆ ಪೆಟ್ಟಿಗೆಯಲ್ಲಿ ಚಾರ್ಜರಿಲ್ಲ, ಬ್ಯಾಟರಿಯಿಲ್ಲ, ಕಂಪನಿಯ ಅಮೆರಿಕ ಗ್ಯಾರಂಟಿಯ ಕಾರ್ಡೂ ಇಲ್ಲ. ಬೇರೆ ದೇಶಕ್ಕೆಂದು ಮಾಡಿದ ಮಾಲನ್ನು ಅಡ್ಡದಾರಿಯಿಂದ ತಂದು, ಒಳಗಿನ ಸಾಮಾನನ್ನು ಬೇರೆಯಾಗಿ ಮಾರುವ ಉಪಾಯ ಅದು. ಪೆಟ್ಟಿಗೆಯ ಮೇಲೆ ಒಳಗಿರುವ ವಸ್ತುಗಳ ಪಟ್ಟಿ ಇರುತ್ತದೆ. ಅಂಗಡಿಯಲ್ಲೇ ಬಿಚ್ಚಿ ಒಂದೊಂದಾಗಿ ತಾಳೆ ನೋಡಿ. ಮಾಲು ಬಂದಾಗ ಬಿಲ್ಟಿಯೊಡನೆ ತಾಳೆ ನೋಡುವ ನಾವು ಅಲ್ಲಿ ಮಾತ್ರ ಯಾಕೆ ಸಂಕೋಚಪಡಬೇಕು?

ಟಿ.ವಿ., ಡಿ.ವಿ.ಡಿ., ಫೋನು

ಹಳೆಯ ದಿನಗಳಲ್ಲಿ ಅಮೆರಿಕ, ಜಪಾನುಗಳ ಟಿ.ವಿ. ಒಂದು ಪದ್ಧತಿ, ನಮ್ಮದು ಇನ್ನೊಂದು. ಅಲ್ಲಿಯ ಟಿ.ವಿ.ಯಲ್ಲಿ ದೂರದರ್ಶನ ಸರಿಯಾಗಿ ಮೂಡುತ್ತಿರಲಿಲ್ಲ. ಡಿ.ವಿ.ಡಿ.ಗಳಿಗೂ ವಲಯ ಸಂಖ್ಯೆ ಇತ್ತು. ಅಮೆರಿಕ 1, ಗಲ್ಫ್ ಮತ್ತು ಯುರೋಪ್ 2, ಭಾರತ 5. ಊರಿನಿಂದ ತರಿಸಿದ ಕನ್ನಡ ಸಿನಿಮಾ ಅಲ್ಲಿಯ ಯಂತ್ರದಲ್ಲಿ ಓಡದೆ ಮಕ್ಕಳ ಮುಖ ಬಾಡಿದ್ದುಂಟು. ಈಗ ಸೆಟ್ ಟಾಪ್ ಬಾಕ್ಸಿನಿಂದ ತಂತಿ ಎಳೆದು ಟಿ.ವಿ.ಗೆ ಸಿಕ್ಕಿಸುವುದರಿಂದ ಆ ತೊಂದರೆ ಬಹುಮಟ್ಟಿಗೆ ನೀಗಿದೆ. ವೋಲ್ಟಿನ ಚೀಟಿ ಮಾತ್ರ ಇವತ್ತಿಗೂ ನೋಡಬೇಕು.

ಫೋನಿನಲ್ಲಿ ಎರಡು ಮಾತು ನೆನಪಿಡಿ. ಅಮೆರಿಕದಲ್ಲಿ ಕಂತಿನ ಮೇಲೆ ಅಗ್ಗವಾಗಿ ಸಿಗುವ ಫೋನು ಆಯಾ ಮೊಬೈಲ್ ಕಂಪನಿಗೆ ಬೀಗ ಹಾಕಿದ್ದಾಗಿರುತ್ತದೆ. ಬೀಗ ತೆಗೆಸದೆ ತಂದರೆ ಇಲ್ಲಿಯ ಸಿಮ್ ನಡೆಯುವುದಿಲ್ಲ. ಎರಡನೆಯದು, 2022ರ ಐಫೋನ್ 14ರಿಂದ ಅಮೆರಿಕದಲ್ಲಿ ಮಾರುವ ಆ ಫೋನುಗಳಿಗೆ ಸಿಮ್ ಹಾಕುವ ಕಂಡಿಯೇ ಇಲ್ಲ. ಅದರೊಳಗೇ ಇರುವ ಇ-ಸಿಮ್ ಮಾತ್ರ. ಇಲ್ಲಿಯ ದೊಡ್ಡ ಕಂಪನಿಗಳು ಇ-ಸಿಮ್ ಕೊಡುತ್ತವೆ, ನಿಜ. ಆದರೆ ಫೋನು ಕೆಟ್ಟಾಗ ಸಿಮ್ ಕಿತ್ತು ಇನ್ನೊಂದಕ್ಕೆ ಹಾಕಿಕೊಳ್ಳುವ ಹಿರಿಯರಿಗೆ ಅದು ತಲೆನೋವು. ತಂದೆಯವರಿಗೆಂದು ಫೋನು ಕೊಳ್ಳುವವರು ಇದನ್ನು ಯೋಚಿಸಬೇಕು.

ವಿಮಾನ ಮತ್ತು ಸುಂಕ

ಚಪ್ಪಟೆ ಟಿ.ವಿ.ಯನ್ನು ಬ್ಯಾಂಕಾಕ್, ದುಬೈಗಳಿಂದ ಹೊತ್ತು ತರುವ ಹುಚ್ಚು ಒಂದು ಕಾಲಕ್ಕೆ ಬಹಳವಿತ್ತು. 2013ರ ಆಗಸ್ಟ್ 26ರಿಂದ ಭಾರತ ಸರ್ಕಾರ ಅದನ್ನು ಸುಂಕವಿಲ್ಲದ ಸಾಮಾನಿನ ಪಟ್ಟಿಯಿಂದ ಹೊರಗಿಟ್ಟು ಶೇ. 35 ಸುಂಕ, ಮೇಲೆ ಸೆಸ್ ಹಾಕಿತು. ಅಂದಿನಿಂದ ಆ ವ್ಯಾಪಾರದಲ್ಲಿ ಹುರುಳು ಉಳಿಯಲಿಲ್ಲ. 2016ರ ಬ್ಯಾಗೇಜ್ ನಿಯಮಗಳಲ್ಲಿ ಸಾಮಾನ್ಯ ಸಾಮಾನಿಗೆ 50,000 ರೂಪಾಯಿಯ ಮಿತಿಯನ್ನು ಇಟ್ಟರು. 18 ವರ್ಷ ತುಂಬಿದವರಿಗೆ ಒಂದು ಲ್ಯಾಪ್‌ಟಾಪಿನ ವಿನಾಯಿತಿಯೂ ಇತ್ತು. ಈ ಅಂಕೆಗಳು ಆಗಾಗ ಬದಲಾಗುತ್ತವೆ. ಹೊರಡುವ ವಾರದಲ್ಲಿ ಕಸ್ಟಮ್ಸ್ ಇಲಾಖೆಯ ಅಂದಿನ ನಿಯಮವನ್ನೇ ನೋಡಿಕೊಳ್ಳಿ. ಬಿಲ್ಲು ಕೈಚೀಲದಲ್ಲಿರಲಿ. ಮಿತಿ ಮೀರಿದ್ದರೆ ಕೆಂಪು ದಾರಿಯಲ್ಲಿ ಹೋಗಿ ಸುಂಕ ಕಟ್ಟಿ ಬನ್ನಿ. ಪೆಟ್ಟಿಗೆ ಹರಿದು ಹಳೆಯದೆಂದು ಸುಳ್ಳು ಹೇಳಿ ಉಳಿಸುವ ಹಣ, ನಿಲ್ದಾಣದಲ್ಲಿ ಮಕ್ಕಳೆದುರು ನಿಲ್ಲುವ ಅವಮಾನಕ್ಕೆ ಸಮವಲ್ಲ.

ಪವರ್ ಬ್ಯಾಂಕು ಮತ್ತು ಬಿಡಿ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಕೆಳಗೆ ಹಾಕುವ ಪೆಟ್ಟಿಗೆಯಲ್ಲಿ ಅಲ್ಲ. ಸಾಮಾನ್ಯವಾಗಿ 100 ವಾಟ್-ಅವರ್‌ವರೆಗೆ ಒಪ್ಪುತ್ತಾರೆ. 20,000 ಎಂದು ಬರೆದ ಪವರ್ ಬ್ಯಾಂಕು ಸುಮಾರು 74 ಆಗುತ್ತದೆ. ಕೊನೆಯದಾಗಿ, ಪರಿಚಯದವರು ಕೊಟ್ಟ ಸಾಮಾನಾದರೂ ಕಟ್ಟು ಬಿಚ್ಚಿ ನೋಡಿಯೇ ಒಯ್ಯಿರಿ. ನಮ್ಮ ರೇಡಿಯೋ ಒಯ್ದ ಆ ಸಜ್ಜನರೂ ಹಾಗೆಯೇ ಬಿಚ್ಚಿ ನೋಡಿದ್ದರು. ಆಗ ನಮಗೆ ಸ್ವಲ್ಪ ಮುಜುಗರವಾಗಿತ್ತು. ಅವರು ಮಾಡಿದ್ದೇ ಸರಿ.

ಕೇಳಿ ಕೊಳ್ಳಿ

ಇಷ್ಟೆಲ್ಲ ಓದಿ, ಪರದೇಶದಲ್ಲಿ ಏನೂ ಕೊಳ್ಳಲೇಬಾರದೆಂದು ಯಾರೂ ತಿಳಿಯಬಾರದು. ಅಲ್ಲಿ ಇರುವಷ್ಟು ದಿನ ಅಲ್ಲಿ ಬಳಸುವುದನ್ನು ಅಲ್ಲಿಯೇ ಕೊಳ್ಳಿ, ಚೆನ್ನಾಗಿ ಬಳಸಿ, ಬರುವಾಗ ಅಲ್ಲಿಯೇ ಯಾರಿಗಾದರೂ ಕೊಟ್ಟು ಬನ್ನಿ. ಊರಿಗೆ ಬೇಕಾದದ್ದು ಬಹುಪಾಲು ಇಂದು ಊರಿನ ಪೇಟೆಯಲ್ಲೇ ಸಿಗುತ್ತದೆ, ರಿಪೇರಿಯವನೂ ಅಲ್ಲೇ ಇರುತ್ತಾನೆ. ಅಲ್ಲಿಂದ ಹಣ ಕಳಿಸಿ ಇಲ್ಲಿ ಕೊಡಿಸಿದರೆ ಪ್ರೀತಿ ಕಡಿಮೆಯಾಗುವುದಿಲ್ಲ. ಅಲ್ಲಿಂದಲೇ ತರಬೇಕಾದ ವಸ್ತುವಾದರೆ ಮೊದಲು ಕೇಳಿ: ಯಾರಿಗೆ? ಎಲ್ಲಿ ನಡೆಯಬೇಕು? ಆ ಊರಿನ ಕರೆಂಟು ಎಂಥದು? ಕೆಟ್ಟರೆ ಯಾರು ನೋಡುತ್ತಾರೆ?

ಊರಿನಲ್ಲಿರುವ ಹಿರಿಯರಿಗೂ ಒಂದು ಮಾತು ಹೇಳಬಯಸುತ್ತೇವೆ. ಮಕ್ಕಳು ಕಳಿಸಿದ್ದು ನಡೆಯದಿದ್ದರೆ ದಯವಿಟ್ಟು ಹೇಳಿಬಿಡಿ. ಅವರಿಗೆ ಕೆಟ್ಟದೆನಿಸೀತೆಂದು ಬಟ್ಟೆ ಹೊದಿಸಿ ಇಡಬೇಡಿ. ಕಾಕಾ ಮೊದಲ ಭಾನುವಾರವೇ ಹೇಳಿದ್ದರೆ ಅವರು ಎರಡು ವರ್ಷ ಆ ಹಳೆಯ ಪೆಟ್ಟಿಗೆಯ ಗೊರಗೊರ ಸದ್ದಿಗೆ ಕಿವಿ ಹಚ್ಚಿ ಕೂಡಬೇಕಾಗಿರಲಿಲ್ಲ.

ಆ ಸಲ ಊರಿನಿಂದ ಹೊರಡುವ ಮೊದಲು ಸೋಲಾಪುರಕ್ಕೆ ಹೋಗಿ, ಕೈಯಿಂದ ಮುಳ್ಳು ತಿರುಗಿಸುವ, ಸೆಲ್ಲು ಹಾಕುವ ಒಂದು ಸಾದಾ ಟ್ರಾನ್ಸಿಸ್ಟರ್ ತಂದೆವು. ಈ ಸಲ ಕಾಕಾ ಅವರನ್ನೂ ಅಂಗಡಿಗೆ ಕರೆದುಕೊಂಡು ಹೋಗಿದ್ದೆವು. ಅಂಗಡಿಯವನು ದೊಡ್ಡದೊಂದನ್ನು ತೋರಿಸಲು ಹೋದ. ಕಾಕಾ ಬೇಡವೆಂದು ಸಣ್ಣದನ್ನೇ ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಮುಳ್ಳು ಸರಿಸುತ್ತ ಹೋದರು. ಸ್ವಲ್ಪ ಹೊತ್ತಿಗೆ ಧಾರವಾಡ ಸಿಕ್ಕಿತು. “ಇದ ನೋಡು” ಎಂದು ನಮ್ಮ ಕಡೆ ತಿರುಗಿ ನಕ್ಕರು. ಬೆಲೆಯಲ್ಲಿ ಚೌಕಾಸಿಯನ್ನೂ ಅವರೇ ಮಾಡಿದರು.

ಕಾಕಾ ಇಂದು ಇಲ್ಲ. ಆ ಟ್ರಾನ್ಸಿಸ್ಟರು ನಮ್ಮ ಮನೆಯಲ್ಲಿ ಇನ್ನೂ ಮಾತಾಡುತ್ತದೆ. ಕಪಾಟಿನ ರೇಡಿಯೋವನ್ನೂ ನಾವು ಎಸೆದಿಲ್ಲ. ಪರದೇಶಕ್ಕೆ ಹೊರಟ ಮನೆಯ ಹುಡುಗರು ನಮಸ್ಕಾರ ಮಾಡಲು ಬಂದಾಗ ಬಟ್ಟೆ ಸರಿಸಿ ಅದನ್ನು ತೋರಿಸುತ್ತೇವೆ, ಈ ಕಥೆ ಹೇಳುತ್ತೇವೆ.